ಹನ್ನೊಂದು ನಿಮಿಷದ ರಿಹರ್ಸಲ್

ಊರಿಗೆ ಹುಚ್ಚು ಹಿಡಿದಿತ್ತು ಎಂದರೆ ತಪ್ಪಾಗದು. ಮೂರು ದಿನದ ಸಿನಿಮಾ ಉತ್ಸವ. ಅದೂ ಯಾರದು? ಎದುರು ಸಿಕ್ಕರೆ ಮಂತ್ರಿಗಳೂ ಎದ್ದು ನಿಲ್ಲುವಂಥ ನಿರ್ದೇಶಕನದು. ಮೂವತ್ತನಾಲ್ಕು ವರ್ಷದ ಹಿಂದೆ ಅವನು ತನ್ನ ಮೊದಲ ಚಿತ್ರವನ್ನು ಇದೇ ಊರಿನಲ್ಲಿ ತೆಗೆದಿದ್ದ. ಆಗ ಅವನಿಗೆ ಬಾಡಿಗೆಗೆ ಕೋಣೆ ಕೊಡಲು ಮೂಗು ಮುರಿದ ಜನವೇ ಈಗ "ನಮ್ಮ ಮನೇಲಿ ನೀರು ಕುಡಿದಿದ್ದ", "ನನ್ನ ಸೈಕಲ್ ತಗೊಂಡು ಹೋಗಿದ್ದ" ಎಂದು ಪೈಪೋಟಿಗೆ ಬಿದ್ದಿದ್ದರು. ಸೈಕಲ್ ವಾಪಸ್ ಬರಲಿಲ್ಲ ಎನ್ನುವುದನ್ನು ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಉತ್ಸವದ ಪರದೆ, ತೋರಣ, ಮೇಜುಗಳ ಮೇಲಿನ ಬಟ್ಟೆ, ಇಷ್ಟನ್ನೂ ಹೊಲಿದು ಕೊಟ್ಟವರು ಪೇಟೆಬೀದಿಯ ಅಕ್ಕತಂಗಿ. ಅಂಗಡಿಯ ಬಾಗಿಲಿಗೆ ಮುಖ ಮಾಡಿ ಎರಡು ಹೊಲಿಗೆ ಮಷಿನ್. ದೊಡ್ಡದರ ಮುಂದೆ ಅಕ್ಕ, ಚಿಕ್ಕದರ ಮುಂದೆ ತಂಗಿ. ಹಾಗಾಗಿ ಊರಿನ ಬಾಯಲ್ಲಿ ಅವರು ದೊಡ್ಡ ಮಷಿನ್, ಚಿಕ್ಕ ಮಷಿನ್. ಅಕ್ಕನಿಗೆ ಅರವತ್ತಮೂರು, ತಂಗಿಗೆ ಐವತ್ತೆಂಟು. ತಂಗಿ ಮದುವೆಯಾಗಲಿಲ್ಲ. ಅಕ್ಕನ ಗಂಡ, ಗಡಿಯಾರ ರಿಪೇರಿಯವನು, ಮದುವೆಯಾದ ನಾಲ್ಕನೇ ವರ್ಷಕ್ಕೆ ಹೇಳದೆ ಕೇಳದೆ ಊರು ಬಿಟ್ಟು ಹೋದ. ಅಂದಿನಿಂದ ಇಬ್ಬರೂ ಒಂದೇ ಮನೆ, ಒಂದೇ ಒಲೆ, ಒಂದೇ ಕತ್ತರಿ. ತಂಗಿಗೆ ಈ ಲೋಕದಲ್ಲಿ ತನ್ನದು ಎಂದು ಇದ್ದದ್ದು ಪಕ್ಕದ ಮಷಿನ್ನಿನ ಸದ್ದು ಒಂದೇ. ಅದು ನಿಂತರೆ ತಾನು ಏನು ಎನ್ನುವುದನ್ನು ಅವಳು ಯೋಚಿಸುವ ಗೋಜಿಗೇ ಹೋಗಿರಲಿಲ್ಲ.

"ನೀನು ಹೀರೋಯಿನ್ನು ಕಣೇ. ನಾಳೆ ಆ ಹಳೇ ಚಪ್ಪಲಿ ಹಾಕ್ಕೊಂಡು ಬಂದ್ರೆ ಕಾಲು ಮುರೀತೀನಿ," ಎಂದಳು ಅಕ್ಕ, ಪರದೆಯ ಅಂಚು ಮಡಿಸುತ್ತ.

ಹೌದು, ಆ ಮೊದಲ ಚಿತ್ರದಲ್ಲಿ ತಂಗಿ ಒಂದು ಪಾತ್ರ ಮಾಡಿದ್ದಳು. ನಿರ್ದೇಶಕ ಆಗ ಅವಳ ವಯಸ್ಸಿನವನೇ. ಎರವಲು ಕ್ಯಾಮೆರಾ, ಹರಿದ ಕಾಲರು, ಎರಡು ದಿನದ ಹಸಿವು. ಅವರ ಅಂಗಡಿಯಲ್ಲೇ ಇಪ್ಪತ್ತು ದಿನ ಚಿತ್ರೀಕರಣ ಮಾಡಿದ. ಇಪ್ಪತ್ತು ದಿನವೂ ಅಕ್ಕನೇ ಅವನಿಗೆ ಬಡಿಸಿದ್ದಳು. ತಪ್ಪೊಪ್ಪಿಕೊಳ್ಳುವ ಒಬ್ಬ ಹೆಂಗಸಿನ ಪಾತ್ರ ತಂಗಿಯದು. ಬರೆದುಕೊಟ್ಟ ಮಾತನ್ನು ಎಷ್ಟು ಸಲ ಹೇಳಿಸಿದರೂ ಅವಳ ಬಾಯಲ್ಲಿ ಅದು ಅಂಗಡಿಯ ರಸೀದಿ ಓದಿದ ಹಾಗೆ ಬರುತ್ತಿತ್ತು.

ಹದಿನೇಳನೆಯ ದಿನ ಅಕ್ಕ ಗುಂಡಿ, ದಾರ ತರಲು ಹೋಗಿದ್ದಳು. ಅವನು ಅಂಗಡಿಯ ಬಾಗಿಲು ಮುಂದಕ್ಕೆ ಮಾಡಿ, ಸ್ಟೂಲ್ ಎಳೆದುಕೊಂಡು ಎದುರಿಗೆ ಕುಳಿತ.

"ನಾನು ಬರೆದಿದ್ದನ್ನ ಮರೆತುಬಿಡಿ. ಇದುವರೆಗೂ ಯಾರಿಗೂ ಹೇಳದೇ ಇರೋ ಮಾತು ಒಂದು ನಿಮ್ಮ ಹೊಟ್ಟೇಲಿ ಇರುತ್ತಲ್ಲ, ಅದನ್ನ ಹೇಳಿ. ಆಗ ನಿಮ್ಮ ಮುಖ ಹ್ಯಾಗಾಗುತ್ತೆ ಅಂತ ನೋಡ್ತೀನಿ. ನಾಳೆ ನನ್ನ ಮಾತು ಹೇಳುವಾಗ ಆ ಮುಖ ಇಟ್ಕೊಂಡ್ರೆ ಸಾಕು. ಇದು ಬರೀ ರಿಹರ್ಸಲ್. ಕ್ಯಾಮೆರಾದಲ್ಲಿ ರೀಲೇ ಇಲ್ಲ, ಬೇಕಾದ್ರೆ ನೋಡಿ."

ಕ್ಯಾಮೆರಾದ ಪಕ್ಕದ ಬಾಗಿಲು ತೆಗೆದು ತೋರಿಸಿಯೂ ತೋರಿಸಿದ. ತಂಗಿ ದಡ್ಡಿಯಲ್ಲ. ಎರಡು ಬೆರಳು ಒಳಗೆ ಹಾಕಿ ತಡಕಿ ನೋಡಿದಳು. ಖಾಲಿ. ಇಸ್ತ್ರಿ ಮೇಜಿನ ಮೇಲೆ ಟೇಪ್‌ರೆಕಾರ್ಡರಿನ ಎರಡು ಚಕ್ರಗಳು ಮೆಲ್ಲಗೆ ಸುತ್ತುತ್ತಿದ್ದವು. ಅದನ್ನೂ ನೋಡಿದಳು, ಸುಮ್ಮನಾದಳು. ದರ್ಜಿಯ ಲೆಕ್ಕ ಅವಳದು. ದಾರ ಪೋಣಿಸದ ಮಷಿನ್ನನ್ನು ಎಷ್ಟು ತುಳಿದರೇನು, ಬಟ್ಟೆಯಲ್ಲಿ ಹೊಲಿಗೆ ಬೀಳುತ್ತದೆಯೇ? ಕ್ಯಾಮೆರಾದಲ್ಲಿ ರೀಲ್ ಇಲ್ಲವೆಂದ ಮೇಲೆ ಉಳಿದ ಸಾಮಾನು ಸುತ್ತಿದರೆಷ್ಟು, ಬಿಟ್ಟರೆಷ್ಟು. ಮಾತು ಬೇರೆ ಕಡೆ, ಚಿತ್ರ ಬೇರೆ ಕಡೆ ಹಿಡಿಯುತ್ತಾರೆ ಎಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರು?

ಹಾಗೆ ಅವಳು ಹೇಳಿದಳು. ಎರಡು ವರ್ಷ ನುಂಗಿಕೊಂಡು ಕುಳಿತಿದ್ದನ್ನು ಒಂದೇ ಉಸಿರಿಗೆ ಹೊರಗೆ ಹಾಕಿದಳು. ಕೊನೆಗೆ ಅವನು ಅವಳ ಕೈ ಹಿಡಿದು, "ಇದು ಈ ಗೋಡೆ ದಾಟಲ್ಲ," ಎಂದ. ಆಮೇಲೆ ಚಿತ್ರ ಬಂದಾಗ ಅದರಲ್ಲಿ ಅವಳ ಮುಖಕ್ಕೆ ಯಾರದೋ ಧ್ವನಿ ಇತ್ತು. "ನಿಮ್ಮ ಧ್ವನಿ ಸರಿಯಾಗಿ ರೆಕಾರ್ಡ್ ಆಗಲಿಲ್ಲ" ಎಂದು ಕಾಗದ ಬರೆದಿದ್ದ. ತಂಗಿ ನಂಬಿದಳು. ನಂಬದೆ ಏನು ಮಾಡಿಯಾಳು!

ಉತ್ಸವದ ಮೊದಲ ದಿನ ಬೆಳಿಗ್ಗೆ ಹತ್ತಕ್ಕೆಲ್ಲ ಸಭಾಂಗಣದ ಮುಂದೆ ಜನ ಕಿಕ್ಕಿರಿದಿದ್ದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರೇ ಉತ್ಸವ ಸಮಿತಿಯ ಅಧ್ಯಕ್ಷರು. ಕಾಲು ನೆಲದ ಮೇಲೆ ನಿಲ್ಲದಂತೆ ಓಡಾಡುತ್ತಿದ್ದ ಅವರು ಅಕ್ಕತಂಗಿಯರನ್ನು ಕಂಡು ಕೈ ಹಿಡಿದೇ ಒಳಗೆ ಕರೆದುಕೊಂಡು ಹೋದರು.

"ತಾಯೀ, ನಿಮಗೊಂದು ಸರ್ಪ್ರೈಸು. ಡೈರೆಕ್ಟ್ರು ತಮ್ಮ ಹಳೇ ಟೇಪುಗಳನ್ನೆಲ್ಲ ನಮ್ಮೂರಿಗೇ ದಾನ ಮಾಡಿಬಿಟ್ಟಿದ್ದಾರೆ!"

ಮುಂಭಾಗದ ಹಜಾರದಲ್ಲಿ ಉದ್ದನೆಯ ಮೇಜು, ಅದರ ಮೇಲೆ ತಂಗಿಯೇ ಹೊಲಿದ ನೀಲಿ ಬಟ್ಟೆ, ಆರು ಹೆಡ್‌ಫೋನ್. ಪ್ರತಿಯೊಂದರ ಮುಂದೆ ಒಂದು ಚೀಟಿ. ಐದನೆಯದರ ಮೇಲೆ ಮೇಷ್ಟ್ರ ಮುದ್ದಾದ ಅಕ್ಷರದಲ್ಲಿ: 'ದರ್ಜಿ ಅಂಗಡಿಯ ಹೆಂಗಸು. ರಿಹರ್ಸಲ್, ಹನ್ನೊಂದು ನಿಮಿಷ.'

ಅಕ್ಕ ಗೋಡೆಯ ಮೇಲಿನ ಹಳೆಯ ಫೋಟೊಗಳನ್ನು ನೋಡುತ್ತಿದ್ದಳು. ತಂಗಿ ಹೆಡ್‌ಫೋನ್ ಎತ್ತಿ ಕಿವಿಗಿಟ್ಟಳು. ಸ್ಟೂಲ್ ಎಳೆದ ಸದ್ದು, ಯಾರೋ ಕೆಮ್ಮಿದ್ದು, ಆಮೇಲೆ ಇಪ್ಪತ್ತನಾಲ್ಕರ ಹುಡುಗಿಯ ಧ್ವನಿ. "ಭಾವ ಹೋಗ್ತಾರೆ ಅಂತ ನಂಗೆ ಗೊತ್ತಿತ್ತು. ಅವತ್ತು ಬೆಳಿಗ್ಗೆ ಬ್ಯಾಗ್ ತಂದ್ರು, ಪಟ್ಟಿ ಕಿತ್ತುಹೋಗಿತ್ತು..."

ಹೆಡ್‌ಫೋನ್ ಅಲ್ಲೇ ಬಿಟ್ಟು, ಜನರನ್ನು ತಳ್ಳಿಕೊಂಡು, ವೇದಿಕೆಯ ಹಿಂದಿನ ಕೋಣೆಗೆ ನುಗ್ಗಿದಳು. ನಿರ್ದೇಶಕ ಕನ್ನಡಿಯ ಮುಂದೆ ಕೂದಲು ಸರಿಮಾಡಿಕೊಳ್ಳುತ್ತಿದ್ದ. ಅವಳನ್ನು ಕಂಡು ಎರಡೂ ಕೈ ಚಾಚಿದ.

"ಕ್ಯಾಮೆರಾದಲ್ಲಿ ರೀಲ್ ಇಲ್ಲ ಅಂದಿದ್ರಿ," ಎಂದಳು ತಂಗಿ.

"ಇರಲಿಲ್ಲವಲ್ಲ!" ಅವನು ನಕ್ಕ. "ನಾನು ಸುಳ್ಳು ಹೇಳಲಿಲ್ಲ. ಟೇಪಿನ ವಿಷಯ ನೀವು ಕೇಳಲೇ ಇಲ್ಲ. ನೋಡಿ, ನಾನು ಕಲಿತದ್ದೆಲ್ಲ ಆ ಹನ್ನೊಂದು ನಿಮಿಷದಿಂದ. ಎಲ್ಲಾ ಕ್ಲಾಸಲ್ಲೂ ಮೊದಲು ಅದನ್ನೇ ಕೇಳಿಸ್ತೀನಿ. ಹನ್ನೆರಡು ದೇಶದ ವಿದ್ಯಾರ್ಥಿಗಳು ಕಣ್ಣೀರು ಹಾಕಿದ್ದಾರೆ, ಗೊತ್ತಾ?"

ಹನ್ನೆರಡು ದೇಶ! ಮೂವತ್ತನಾಲ್ಕು ವರ್ಷ ಅವಳು ಈ ಮಾತನ್ನು ದಿಂಬಿನ ಹತ್ತಿರವೂ ಆಡಿರಲಿಲ್ಲ. ಅವನು ಮಾತ್ರ ಕಂಡಕಂಡವರ ಕಿವಿಗೆ ಸುರಿದು ಚಪ್ಪಾಳೆ ಹೊಡೆಸಿಕೊಂಡಿದ್ದ.

"ಅದನ್ನ ಈಗಲೇ ನಿಲ್ಲಿಸಿ. ಅಕ್ಕ ಬಂದಿದ್ದಾಳೆ."

ಅವನು ಹುಬ್ಬು ಗಂಟಿಕ್ಕಿದ. "ಯಾವ ಅಕ್ಕ?"

ಇಪ್ಪತ್ತು ದಿನ ಅವಳ ಕೈಯಲ್ಲಿ ಉಂಡವನು. ಜ್ವರ ಬಂದಾಗ ಅವಳು ಮಾಡಿಕೊಟ್ಟ ಗಂಜಿ ಕುಡಿದವನು. ಅವನು ತಂಗಿಯ ಭುಜ ತಟ್ಟಿ, "ಈ ಕಾರ್ಯಕ್ರಮ ಮುಗೀಲಿ, ಮೇಷ್ಟ್ರಿಗೆ ಹೇಳಿ ತೆಗೆಸ್ತೀನಿ," ಎಂದು ಮತ್ತೆ ಕನ್ನಡಿಯ ಕಡೆ ತಿರುಗಿದ.

ಅವಳು ಹಜಾರಕ್ಕೆ ಓಡಿಬಂದಾಗ ಐದನೆಯ ಹೆಡ್‌ಫೋನ್ ಅಕ್ಕನ ಕಿವಿಯ ಮೇಲಿತ್ತು. ಪಕ್ಕದಲ್ಲಿ ಮೇಷ್ಟ್ರು ಹಲ್ಲು ಕಿರಿಯುತ್ತ ನಿಂತಿದ್ದರು. "ನಿಮ್ಮ ತಂಗೀದೇ ಧ್ವನಿ, ಕೇಳಿ ಅಂತ ನಾನೇ ಕೂರಿಸ್ದೆ. ಅಲ್ಲಾಡದೇ ಕೇಳ್ತಿದ್ದಾರೆ ನೋಡಿ!"

ಅಕ್ಕ ನಿಜಕ್ಕೂ ಅಲ್ಲಾಡುತ್ತಿರಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದಳು. ಹೆಡ್‌ಫೋನ್ ಕಿತ್ತುಕೊಳ್ಳಲು ಒಂದು ಹೆಜ್ಜೆ ಸಾಕಿತ್ತು. ತಂಗಿ ಆ ಹೆಜ್ಜೆ ಇಡಲಿಲ್ಲ. ಅಲ್ಲೇ ನಿಂತು, ಕೇಳಿಸದ ಮಾತನ್ನು ಅಕ್ಕನ ಮುಖದ ಮೇಲೆ ಓದಿದಳು. ಈಗ ಬ್ಯಾಗಿನ ಪಟ್ಟಿ ಬಂದಿರಬೇಕು. ಈಗ ಭಾವ "ಸಂಜೆವರೆಗೂ ನಿಮ್ಮಕ್ಕಂಗೆ ಹೇಳ್ಬೇಡ" ಅಂದಿದ್ದು. ನಾಲ್ಕು ಬೀದಿ ಆಚೆಗಿದ್ದ ಅಕ್ಕನ ಮನೆಗೆ ಐದು ನಿಮಿಷದಲ್ಲಿ ಓಡಿಹೋಗಿ ಹೇಳಬಹುದಾಗಿದ್ದರೂ, ಪಟ್ಟಿಗೆ ಎರಡೆಳೆ ದಾರ ಹಾಕಿ ಗಟ್ಟಿಯಾಗಿ ಹೊಲಿದುಕೊಟ್ಟು ತುಟಿ ಪಿಟಕ್ಕೆನ್ನದೆ ಕುಳಿತದ್ದು. ಅಮ್ಮ ಸತ್ತ ಮೇಲಿನ ಖಾಲಿ ಮನೆ. ಮತ್ತು ಕೊನೆಗೆ, ಆ ಕೊನೆಯ ಮಾತು.

ಅಕ್ಕನ ಕೆಳತುಟಿ ಒಮ್ಮೆ ಕಂಪಿಸಿತು. ಆ ಮಾತು ಬಂದಿತ್ತು.

ಹೆಡ್‌ಫೋನ್ ತೆಗೆದು, ವಯರು ಸುತ್ತಿ, ಮೊದಲಿದ್ದ ಜಾಗದಲ್ಲಿಟ್ಟು, ಕನ್ನಡಕ ಹಾಕಿಕೊಂಡಳು. ಮೇಷ್ಟ್ರು "ಹ್ಯಾಗಿದೆ?" ಎಂದರು.

"ಚೆನ್ನಾಗಿ ಹೇಳಿದ್ದಾಳೆ," ಎಂದಳು ಅಕ್ಕ.

ಮೇಷ್ಟ್ರು ಅತ್ತ ಹೋದರು. ಅಕ್ಕತಂಗಿ ಎದುರುಬದುರು ನಿಂತರು.

"ಅಕ್ಕಾ, ಅವನು ಮೋಸ ಮಾಡಿದ. ಕ್ಯಾಮೆರಾ ಖಾಲಿ ಅಂತ..."

"ಅವನ ಮೋಸ ಕಟ್ಕೊಂಡು ನಂಗೇನಾಗಬೇಕು? ಅವನು ಯಾರು ನಂಗೆ?" ಅಕ್ಕನ ಧ್ವನಿ ಏರಲಿಲ್ಲ. "ಹದಿನೇಳು ದಿನದ ಪರಿಚಯದವನಿಗೆ ಹೇಳ್ದೆ. ನಾನು ಪಕ್ಕದಲ್ಲೇ ಕೂತಿದ್ದೆ ಕಣೇ, ಮೂವತ್ತಾರು ವರ್ಷ. ನಂದೇನು ತಪ್ಪು, ನನ್ನ ಕೈಯಡಿಗೇಲಿ ತಪ್ಪಾ, ಮಾತಲ್ಲಿ ತಪ್ಪಾ ಅಂತ ಎಷ್ಟು ಸಲ ನಿನ್ನನ್ನೇ ಕೇಳಿದೀನಿ. 'ಇಲ್ಲಕ್ಕಾ, ನಿಂದೇನೂ ತಪ್ಪಿಲ್ಲ' ಅಂತ ಕಣ್ಣು ಒರೆಸ್ತಿದ್ದೆ. ನಾನು ಅಳ್ತಾ ನಿನ್ನ ಬಾಗಿಲಿಗೆ ಬಂದಾಗ ನಿಂಗೆ ಖುಷಿ ಆಯ್ತಂತೆ."

"ಒಬ್ಬಳೇ ಇದ್ದೆ ಅಕ್ಕಾ. ನನ್ನ ಹತ್ರ ಯಾರೂ ಇರಲಿಲ್ಲ."

"ಅದಕ್ಕೇ ನನ್ನನ್ನೂ ಒಬ್ಬಳನ್ನಾಗಿ ಮಾಡ್ದೆ."

ಅಷ್ಟರಲ್ಲಿ ಮೈಕಿನಲ್ಲಿ ಮೇಷ್ಟ್ರ ದನಿ ಗುಡುಗಿತು. ನಮ್ಮೂರಿನ ಹೆಮ್ಮೆ, ದರ್ಜಿ ಅಂಗಡಿಯ ಹೆಂಗಸು, ವೇದಿಕೆಗೆ ಬರಬೇಕು. ಇಬ್ಬರು ಸ್ವಯಂಸೇವಕಿಯರು ಬಂದು ತಂಗಿಯ ತೋಳು ಹಿಡಿದರು. ತಿರುಗಿ ನೋಡಿದರೆ ಅಕ್ಕ "ಹೋಗು, ಕರೀತಿದ್ದಾರೆ" ಎಂದಳು, ಗಿರಾಕಿಗಳಿಗೆ ಹೇಳುವಂತೆ.

ವೇದಿಕೆಯ ಮೇಲೆ ನಿರ್ದೇಶಕ ಅವಳ ಹೆಗಲ ಮೇಲೆ ಕೈ ಹಾಕಿದ. ಎದುರಿಗೆ ಆರುನೂರು ಮುಖ. ಕಟ್ಟಕಡೆಗೆ, ತೆರೆದ ಬಾಗಿಲಿನ ಬೆಳಕಿಗೆ ಬೆನ್ನು ಮಾಡಿ ಅಕ್ಕ ನಿಂತಿದ್ದಳು.

"ಇವತ್ತು ನಾನು ಇವರನ್ನ ಒಂದೇ ಪ್ರಶ್ನೆ ಕೇಳ್ತೀನಿ," ಎಂದ ಅವನು. "ಹೊರಗೆ ಟೇಪಿನಲ್ಲಿರೋ ಆ ಮಾತು ಅವತ್ತು ಎಲ್ಲಿಂದ ಬಂತು?"

ತಂಗಿ ಮೈಕ್ ತೆಗೆದುಕೊಂಡಳು. ಕಟ್ಟುಕಥೆ ಎಂದುಬಿಟ್ಟರೆ ಮಾನ ಉಳಿಯುತ್ತಿತ್ತು, ಅದು ಅವಳಿಗೂ ಹೊಳೆಯಿತು. ಆದರೆ ಅಲ್ಲಿದ್ದವರಲ್ಲಿ ಅವಳಿಗೆ ಬೇಕಾಗಿದ್ದ ಒಂದು ಜೀವಕ್ಕೆ ಅದು ಕಟ್ಟುಕಥೆಯಲ್ಲ ಎಂದು ಗೊತ್ತಿತ್ತು.

"ಅದು ನಟನೆ ಅಲ್ಲ," ಎಂದಳು. "ನಿಜ. ನಮ್ಮಕ್ಕನ ಸಂಸಾರ ಒಡೆಯೋದು ನಂಗೆ ಮೊದಲೇ ಗೊತ್ತಿತ್ತು. ನಾನು ಅವಳಿಗೆ ಹೇಳಲಿಲ್ಲ. ಅಕ್ಕಾ, ನಾನು ನಿಂಗೆ ದ್ರೋಹ ಮಾಡ್ದೆ. ಮೂವತ್ತಾರು ವರ್ಷ ದಿನಾ ಮಾಡ್ದೆ. ನನ್ನ ಬಿಟ್ಟು ಹೋಗಬೇಡ್ವೇ."

ಮರುಕ್ಷಣ ಚಪ್ಪಾಳೆ ಸಿಡಿಯಿತು. ಮೊದಲ ಸಾಲಿನವರು ಎದ್ದರು, ಅವರ ಹಿಂದಿನವರು ಎದ್ದರು, ಶಿಳ್ಳೆ ಬಿತ್ತು. "ಏನ್ ಆಕ್ಟಿಂಗ್ ರೀ ಈ ವಯಸ್ಸಲ್ಲಿ!" ಎಂದು ಯಾರೋ ಕೂಗಿದರು. ನಿರ್ದೇಶಕ ಕಣ್ಣೊರೆಸಿಕೊಳ್ಳುತ್ತ ಅವಳ ಕೈಯಿಂದ ಮೈಕ್ ಕಸಿದು, "ಕೇಳಿದ್ರಾ? ಅದೇ ಧ್ವನಿ! ಮೂವತ್ತನಾಲ್ಕು ವರ್ಷ ಆದ್ರೂ ಅದೇ ಧ್ವನಿ!" ಎಂದು ಅರಚಿದ.

ಎದ್ದು ನಿಂತ ಜನರ ತಲೆಗಳ ನಡುವೆ ತಂಗಿ ಕುತ್ತಿಗೆ ಉದ್ದ ಮಾಡಿ ಹುಡುಕಿದಳು. ಆ ಆರುನೂರು ಜನರಲ್ಲಿ ಅವಳ ಮಾತನ್ನು ನಂಬಿದವಳು ಒಬ್ಬಳೇ, ಚಪ್ಪಾಳೆ ತಟ್ಟದೆ ಇದ್ದವಳೂ ಅವಳೊಬ್ಬಳೇ. ಅಕ್ಕ ಕೈಚೀಲವನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ಮನೆಯ ದಾರಿ ಬಲಕ್ಕಿತ್ತು. ಅವಳು ಎಡಕ್ಕೆ, ಬಸ್ಸುಗಳು ನಿಲ್ಲುವ ಕಡೆಗೆ ಹೋದಳು.