ಎಂಬತ್ತೆರಡನೇ ನಿಮಿಷ

ಹುಣಸೂರು, ಪಿರಿಯಾಪಟ್ಟಣ ಎರಡೂ ತಾಲ್ಲೂಕುಗಳ ಚರಿತ್ರೆಯಲ್ಲಿ ಒಂಬತ್ತು ವರ್ಷ ಇತ್ಯರ್ಥವಾಗದೆ ಉಳಿದ ಪ್ರಶ್ನೆಯೊಂದಿತ್ತು. ಅದು ನಾಲೆಯ ನೀರಿನದಲ್ಲ, ಜಮೀನಿನ ಸರಹದ್ದಿನದಲ್ಲ, ದೇವಸ್ಥಾನದಲ್ಲಿ ಮೊದಲ ಪೂಜೆ ಯಾರದು ಎಂಬುದೂ ಅಲ್ಲ. 1998ರ ಮೇ ತಿಂಗಳ ಒಂದು ಭಾನುವಾರ, ಸಂಜೆ ಐದೂ ಇಪ್ಪತ್ತರ ಸುಮಾರಿಗೆ, ಕೊಪ್ಪದ ಬಯಲಿನಲ್ಲಿ ಫುಟ್‌ಬಾಲ್ ಫೈನಲ್ ನಡೆಯುತ್ತಾ ಬಿರುಗಾಳಿ ಎದ್ದಿದ್ದಾಗ, ಚೆಂಡು ಎರಡು ಕಂಬಗಳ ನಡುವೆ ಹೋಯಿತೋ ಅಥವಾ ಕಂಬ ಬಿದ್ದುಹೋದ ಮೇಲೆ ಆ ಜಾಗದಲ್ಲಿ ಸುಮ್ಮನೆ ಹೋಯಿತೋ ಎಂಬುದು. ಇಷ್ಟು ಗಹನವಾದ ವಿಚಾರವನ್ನು ತೀರ್ಮಾನಿಸಲು 2007ರ ಸೆಪ್ಟೆಂಬರಿನಲ್ಲಿ ಹದಿನಾಲ್ಕು ಜನ ದೊಡ್ಡ ಮನುಷ್ಯರು ಕೊಪ್ಪದ ಹೋಟೆಲೊಂದರ ಮಹಡಿಯಲ್ಲಿ ಸೇರಿದ್ದರು. ಅವರೆದುರು ಸಾಕ್ಷಿಯಾಗಿ ಕೂತಿದ್ದವನು ಕಟ್ಟೆಮಳಲವಾಡಿಯ ಚಲುವರಾಜು. ಅವನ ಇಡ್ಲಿ ಇನ್ನೂ ಮುಗಿದಿರಲಿಲ್ಲ.

"ತಿನ್ನಪ್ಪ, ನಿಧಾನವಾಗಿ ತಿನ್ನು," ಎಂದರು ನೀಲಕಂಠಸ್ವಾಮಿ. "ಒಂಬತ್ತು ವರ್ಷ ಕಾದಿದ್ದೀವಿ. ಒಂದು ಇಡ್ಲಿಗೆ ಕಾಯೋದು ಕಷ್ಟ ಅಲ್ಲ."

ಆ ಫೈನಲ್ಲಿಗೆ ರೆಫರಿಯಾಗಿದ್ದವರು ಅವರೇ. ಪಿ.ಟಿ. ಮೇಷ್ಟ್ರಾಗಿದ್ದು ಈಗ ನಿವೃತ್ತರಾಗಿದ್ದರು. ಅಂದು ಪಂದ್ಯದ ವರದಿಯಲ್ಲಿ ಅವರು ಬರೆದದ್ದು ಎರಡೇ ಪದ: 'ಮಳೆ. ಅಪೂರ್ಣ.' ಆ ಎರಡು ಪದಗಳ ಮೇಲೆ ಎದ್ದ ಜಗಳದಲ್ಲಿ ಪಂದ್ಯಾವಳಿಯೇ ನಿಂತುಹೋಯಿತು. ಒಂದು ಕಡೆ ಕಟ್ಟೆಮಳಲವಾಡಿ. ಇನ್ನೊಂದು ಕಡೆ ಕ್ಯಾಂಪು, ಅಂದರೆ ಕೊಪ್ಪಕ್ಕೆ ಅಂಟಿಕೊಂಡಿರುವ ಟಿಬೆಟಿಯನ್ನರ ಊರು. ಅಲ್ಲಿನ ಮಕ್ಕಳು ನಡೆಯುವುದಕ್ಕೆ ಮೊದಲು ಒದೆಯುವುದನ್ನು ಕಲಿಯುತ್ತಾರೆಂದು ಸುತ್ತಲಿನವರು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದರು. ಹಳೆಯ ಫೈನಲ್ ಯಾರದೆಂದು ಗೊತ್ತಾಗದೆ ಹೊಸದಕ್ಕೆ ಕಾಲಿಡುವುದಿಲ್ಲ ಎಂದು ಎರಡೂ ಕಡೆಯವರು ಪಟ್ಟು ಹಿಡಿದಿದ್ದರು.

ಗೋಲು ಹೊಡೆದ ನಟರಾಜು ಕಿಟಕಿಯ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೂತಿದ್ದ. ಅವನು ಚಲುವರಾಜುವಿನ ಭಾವ. ಹಾಗೆ ನೋಡಿದರೆ ಭಾವ ಆದದ್ದೇ ಆ ಗೋಲಿನಿಂದ. ಚೆಂಡು ಒದ್ದುಕೊಂಡು ತಿರುಗುವವನಿಗೆ ಹೆಣ್ಣು ಕೊಡುವುದಿಲ್ಲ ಎಂದು ಹೇಳಿಕೊಂಡು ಬಂದಿದ್ದ ಚಲುವರಾಜುವಿನ ಅಪ್ಪ ದೊಡ್ಡಬೀರಯ್ಯ, ಊರಿಗೆ ಊರೇ ಅವನನ್ನು ಹೊತ್ತುಕೊಂಡು ಕುಣಿದದ್ದನ್ನು ನೋಡಿ ಮನಸ್ಸು ಬದಲಾಯಿಸಿ ಮಗಳು ಮೀನಾಳನ್ನು ಕೊಟ್ಟಿದ್ದರು. ಅಲ್ಲಿಂದ ಮುಂದೆ ಅವನ ಹೆಸರೇ ಆಲಿಕಲ್ಲು ನಟರಾಜು. ಕೆ.ಆರ್. ನಗರದಿಂದ ಎಚ್.ಡಿ. ಕೋಟೆಯವರೆಗೆ ಯಾವ ಶಾಲೆಯ ಕ್ರೀಡಾಕೂಟವಾದರೂ ವೇದಿಕೆಯ ಮೇಲೆ ಅವನಿಗೊಂದು ಕುರ್ಚಿ ಇರುತ್ತಿತ್ತು.

ಅಂದು ಬೆಳಿಗ್ಗೆ ಬಸ್ಸಿಗೆ ಹೊರಟಾಗ ಮೀನಾ ತಮ್ಮನ ಅಂಗಿ ಹಿಡಿದು ನಿಲ್ಲಿಸಿದ್ದಳು.

"ಲೋ ಚಲುವ, ನಿನ್ ಮೊಕ ನಂಗೊತ್ತಿಲ್ವೇನ್ಲಾ? ಏನೋ ಒಂದ ಒಳಗೇ ಮಡಿಕಂಡಿದ್ದೀಯ."

"ಏನೂ ಇಲ್ಲ ಕಣಕ್ಕ."

"ಇದ್ರೆ ಅಲ್ಲೇ ಇರ್ಲಿ. ಗೋಲಾಯ್ತು ಅನ್ನು, ಎದ್ದು ಬಾ. ನಿಮ್ ಭಾವ ಅದೊಂದರ ಮ್ಯಾಲೇ ತಲೆ ಎತ್ಕಂಡು ತಿರುಗ್ತಾ ಅವ್ರೆ. ಅವ್ರ ತಲೆ ನಿನ್ ಬಾಯಿಂದ ತಗ್ಗಿದ್ರೆ ನಮ್ ಬಾಗಿಲು ತುಳೀಬ್ಯಾಡ, ಏಳ್ಬುಟ್ಟಿದ್ದೀನಿ."

ಚಲುವರಾಜು ಒಂಬತ್ತು ವರ್ಷದಲ್ಲಿ ಒಂದು ಸುಳ್ಳನ್ನೂ ಹೇಳಿರಲಿಲ್ಲ. ನಿಜ ಹೇಳುವುದನ್ನು ಸ್ವಲ್ಪ ಬೇಗ ನಿಲ್ಲಿಸಿದ್ದ, ಅಷ್ಟೆ. "ನೋಡ್ದೆ. ಬಾಲು ಒಳಕ್ಕೋಯ್ತು," ಎಂದಿದ್ದ. ಮಿಕ್ಕದ್ದನ್ನೆಲ್ಲ ಊರು ತುಂಬಿಕೊಂಡಿತು. ಅಂಥ ಒಂದು ಮಾತು ಊರಿಗೆ ತುರ್ತಾಗಿ ಬೇಕಾಗಿತ್ತು. ಯಾಕೆಂದರೆ ಗೋಲು ಬಿದ್ದಾಗ ಕಟ್ಟೆಮಳಲವಾಡಿಯ ಅಭಿಮಾನಿಗಳಲ್ಲಿ ಚಲುವರಾಜುವೊಬ್ಬನನ್ನು ಬಿಟ್ಟು ಬೇರೊಬ್ಬನೂ ಬಯಲಿನಲ್ಲಿರಲಿಲ್ಲ.

ಆದದ್ದಿಷ್ಟು. ಹುಣಸೂರಿನ ಕಡೆ ಮೇ ತಿಂಗಳೆಂದರೆ ಹೊಗೆಸೊಪ್ಪಿನ ಸಸಿಗಳು ಮಡಿಯಲ್ಲಿ ಬೆರಳುದ್ದ ಬೆಳೆದು ಹೊಲಕ್ಕೆ ಹೋಗಲು ಕಾಯುವ ಕಾಲ. ಆಗ ಆಲಿಕಲ್ಲು ಬಿದ್ದರೆ ಕೈಯಲ್ಲಿ ಏನಿದ್ದರೂ ಬಿಟ್ಟು ಓಡಿಹೋಗಿ ಮಡಿಗೆ ಟಾರ್ಪಾಲು ಹೊದಿಸಬೇಕು. ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಓಡುತ್ತಾರೆ. ಆ ಓಟ ಅವರ ಕಾಲಿಗೆ ಹತ್ತಿದ್ದು, ತಲೆಯನ್ನು ಕೇಳುವುದಿಲ್ಲ. ಎಪ್ಪತ್ತಾರನೇ ನಿಮಿಷದಲ್ಲಿ, ಎರಡೂ ಕಡೆ ಗೋಲಿಲ್ಲದೆ ಆಟ ಕುದಿಯುತ್ತಿದ್ದಾಗ, ಕೊಪ್ಪದ ಬಯಲಿಗೆ ಮೊದಲ ಆಲಿಕಲ್ಲು ಬಿತ್ತು. "ಸಸಿ! ಸಸಿ!" ಎಂದು ಯಾರೋ ಕೂಗಿದರು. ನೂರಿಪ್ಪತ್ತು ಜನ ಗಂಡಸರು ಎದ್ದು, ಬಂದಿದ್ದ ಎರಡು ಲಾರಿಗಳನ್ನು ಹತ್ತಿ, ಹೊರಟೇ ಬಿಟ್ಟರು. ಊರು ಮೂವತ್ತೈದು ನಲವತ್ತು ಕಿಲೋಮೀಟರು ದೂರದಲ್ಲಿದೆ ಎಂಬುದು ಅವರಲ್ಲಿ ಯಾರಿಗೂ ಹೊಳೆಯಲಿಲ್ಲ. ಆರೂವರೆಗೆ ಕಟ್ಟೆಮಳಲವಾಡಿ ತಲುಪಿದಾಗ ಅಲ್ಲಿ ಬಿಸಿಲು ಇನ್ನೂ ಹಳದಿಯಾಗಿತ್ತು. ಒಂದು ಹನಿ ಬಿದ್ದಿರಲಿಲ್ಲ. ಹೆಂಗಸರು ಬಿಂದಿಗೆಯಲ್ಲಿ ಮಡಿಗೆ ನೀರು ಚಿಮುಕಿಸುತ್ತಿದ್ದರು. "ಯಾರ್ರೀ ಗೆದ್ದೋರು?" ಎಂದು ಅವರು ಕೇಳಿದ್ದಕ್ಕೆ ನೂರಿಪ್ಪತ್ತು ಜನರಲ್ಲಿ ಒಬ್ಬರ ಬಳಿಯೂ ಉತ್ತರವಿರಲಿಲ್ಲ.

ಚಲುವರಾಜು ಉಳಿದದ್ದು ಅಭಿಮಾನದಿಂದಲ್ಲ. ಗೆದ್ದವರಿಗೆ ಕೊಡುವ ಕಪ್ಪು ಕಾಯುವ ಕೆಲಸ ಅವನ ಪಾಲಿಗೆ ಬಂದಿತ್ತು. ಶಾಮಿಯಾನ ಹಾರಿಹೋದಾಗ ಅವನು ಕಪ್ಪನ್ನು ಅವುಚಿಕೊಂಡು ಮೇಜಿನ ಕೆಳಗೆ ತೂರಿಕೊಂಡಿದ್ದ. ಲಾರಿ ಹೊರಟ ಸದ್ದು ಗುಡುಗಿನಲ್ಲಿ ಅವನಿಗೆ ಕೇಳಲಿಲ್ಲ.

"ಈಗ ಒಬ್ಬೊಬ್ಬರಾಗಿ ಹೇಳಿ," ಎಂದರು ನೀಲಕಂಠಸ್ವಾಮಿ. "ನೋಡಿದ್ದನ್ನ ಮಾತ್ರ."

ನಂಜಣ್ಣ ಮೊದಲು ಎದ್ದ. ಕಟ್ಟೆಮಳಲವಾಡಿಯಲ್ಲಿ ಈ ಪಂದ್ಯವನ್ನು ಅವನಷ್ಟು ಚೆನ್ನಾಗಿ ಹೇಳುವವರು ಇನ್ನೊಬ್ಬರಿರಲಿಲ್ಲ. ಮೊದಲ ವರ್ಷ ಅವನ ಆಲಿಕಲ್ಲು ನಿಂಬೆಹಣ್ಣಿನಷ್ಟಿತ್ತು. ಮೂರನೇ ವರ್ಷಕ್ಕೆ ಮೂಸಂಬಿಯಾಯಿತು. ಈಚೆಗೆ ತೆಂಗಿನಕಾಯಿಯ ಹತ್ತಿರ ಬಂದಿತ್ತು.

"ಸಾರ್, ನಾನು ಕಾರ್ನರ್ ಬಾವುಟದ ಪಕ್ಕದಲ್ಲೇ ನಿಂತಿದ್ದೆ. ಆಕಾಸ ಕಪ್ಪಂದ್ರೆ ಕಪ್ಪು, ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಒಳಗೆ ನಿಂತಂಗೆ. ನಮ್ ನಟರಾಜು ಬಂದ ನೋಡಿ, ಒಬ್ಬನ್ನ ಬುಟ್ಟ, ಇಬ್ಬರನ್ನ ಬುಟ್ಟ, ಮೂರನೇವ್ನು ಜಾರಿ ಬಿದ್ದ..."

"ನಂಜಣ್ಣ," ಕ್ಯಾಂಪಿನ ಕಡೆಯ ಹಿರಿಯರೊಬ್ಬರು ತಡೆದರು. "ಕಾರ್ನರ್ ಬಾವುಟ ಮಳೆ ಶುರುವಾದ ಕೂಡಲೆ ಹಾರಿ ಹೋಗಿತ್ತಲ್ಲ?"

"ಬಾವುಟ ಓಯ್ತು ಸಾರ್, ನಾನೋಗ್ನಿಲ್ಲ."

"ಮತ್ತೆ ಲಾರಿಯಲ್ಲಿ ಹೋದವರು ಯಾರು?"

"ಅವ್ರು ಬ್ಯಾರೆಯವ್ರು," ಎಂದ ನಂಜಣ್ಣ ಘನತೆಯಿಂದ. ಕಟ್ಟೆಮಳಲವಾಡಿಯ ಏಳು ಜನರೂ ಒಟ್ಟಿಗೆ ತಲೆಯಾಡಿಸಿದರು. ಬೇರೆಯವರು ಯಾರೆಂದು ಕೇಳಿದ್ದರೆ ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತಿತ್ತು. "ಆಮೇಲ್ ಕೇಳಿ. ಇವ್ರ ಗೋಲಿ ಇದ್ನಲ್ಲ, ಆಲಿಕಲ್ಲಿಗೆ ಎದುರ್ಕಂಡು ಕಂಬ ತಬ್ಕಂಬುಟ್ಟಿದ್ದ ಸಾರ್! ಮಗು ಅವ್ವನ ಸೊಂಟ ತಬ್ಕಂಡಂಗೆ! ಕಣ್ಣು ಮುಚ್ಕಂಡು! ನಮ್ಮವ್ನು ಹೊಡ್ದ ನೋಡಿ ಪಿರಂಗಿ ಗುಂಡ್ನಂಗೆ. ಇವ್ನು ಕಣ್ಣು ಬುಟ್ಟಾಗ ಬಾಲು ಬಲೆಯೊಳಗೆ!"

ಎಲ್ಲರೂ ನಕ್ಕರು. ಕ್ಯಾಂಪಿನವರೂ ನಕ್ಕರು. ಅವರಿಗೂ ಆ ಗೋಲ್ ಕೀಪರ್ ಮೇಲೆ ಸಿಟ್ಟಿತ್ತು. ಮಳೆ ನಿಂತು ನೋಡಿದಾಗ ಕಂಬ ಬಿದ್ದಿತ್ತು, ಅವನು ಅದರ ಪಕ್ಕದಲ್ಲಿ ಬಿದ್ದಿದ್ದ, ಚೆಂಡು ಬಲೆಯಲ್ಲಿತ್ತು. ಕಂಬ ಬಿದ್ದ ಮೇಲೆ ಚೆಂಡು ಬಂದದ್ದು, ಗೋಲಲ್ಲ ಎಂದು ಅವರ ವಾದ. "ಇಲ್ಲ, ಚೆಂಡು ಮೊದಲು ಒಳಗೆ ಹೋಯ್ತು" ಎಂದು ಅವನೊಬ್ಬ ಹೇಳಿದ್ದಕ್ಕೆ, ಗೋಲು ಬಿಟ್ಟು ಓಡಿದವನಿಗೆ ಏನು ಗೊತ್ತು ಎಂದು ಬಾಯಿ ಮುಚ್ಚಿಸಿದ್ದರು. ಅವನ ಹೆಸರು ಪಾಸಂಗ್. ಕೊಪ್ಪದಲ್ಲಿ ಸ್ವೆಟರ್ ಅಂಗಡಿ ಇಟ್ಟುಕೊಂಡಿದ್ದ. ಕೊನೆಯ ಬೆಂಚಿನಲ್ಲಿ ಕೂತು, ಬೇರೆಯವರ ಜೊತೆ ತಾನೂ ನಗುತ್ತಿದ್ದ.

ಚಲುವರಾಜು ಆ ನಗುವನ್ನೇ ನೋಡುತ್ತಿದ್ದ. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಚಲುವರಾಜು," ಎಂದರು ನೀಲಕಂಠಸ್ವಾಮಿ. "ಕಂಬ ಮೊದಲೋ, ಚೆಂಡು ಮೊದಲೋ?"

"ಬಾಲು ಮೊದ್ಲು ಸಾರ್."

ನಟರಾಜು ಕಾಲ ಮೇಲೆ ಕಾಲು ಹಾಕಿಕೊಂಡ. ನಂಜಣ್ಣ ಚಪ್ಪಾಳೆ ತಟ್ಟಿದ. ಇಲ್ಲಿಗೆ ನಿಲ್ಲಿಸಬಹುದಾಗಿತ್ತು, ಒಂಬತ್ತು ವರ್ಷದಿಂದ ನಿಲ್ಲಿಸುತ್ತಿದ್ದದ್ದು ಇಲ್ಲೇ.

"ಇನ್ನೊಂದು ವಸಿ ಅದೆ ಸಾರ್," ಎಂದ ಚಲುವರಾಜು.

"ಸಾಕು ಬುಡ್ಲಾ ಚಲುವ," ಎಂದ ನಟರಾಜು ಕಿಟಕಿಯ ಕಡೆಯಿಂದ, ನಗುತ್ತಲೇ.

"ಇಲ್ಲ ಭಾವ, ಏಳ್ಬುಡ್ತೀನಿ." ಅವನು ಭಾವನ ಕಡೆ ನೋಡಲಿಲ್ಲ, ರೆಫರಿಯ ಕಡೆ ನೋಡಿದ. "ನಾನು ಮೇಜಿನ ಕೆಳಗಿದ್ದೆ. ಗೋಲಿಂದ ಹತ್ತು ಮಾರು, ಅಷ್ಟೆ. ಎಡಗಡೆ ಸರ್ವೆ ಕಂಬ ಬುಡದಿಂದ ಎದ್ಬುಡ್ತು ಸಾರ್. ಗಾಳಿ ಅಂಗೇ ಹೊತ್ಕಂಡು ಓಗ್ಬೇಕು, ಆಗ ಈ ಪಾಸಂಗ್ ಅವ್ರು ಓಡ್ಬಂದು ತಬ್ಕಂಡ್ರು. ಎದುರ್ಕಂಡಲ್ಲ. ಎತ್ತಿ ಗುಂಡಿಯೊಳಗೆ ಕೂರುಸ್ಕಂಡು, ಹೆಗಲು ಕೊಟ್ಟು ನಿಂತ್ಕಂಡ್ರು. ಕಣ್ಣು ಬುಟ್ಕಂಡೇ ಇದ್ರು. ತಲೆ ಮ್ಯಾಲೆ ಆಲಿಕಲ್ಲು ಪಟಪಟ ಬೀಳ್ತಾ ಅದೆ, ಕಿವಿ ಪಕ್ಕದಲ್ಲಿ ರಕ್ತ ಇಳೀತಾ ಅದೆ. ಬ್ಯಾಕ್ ಆಡೋರೆಲ್ಲ ಬಗ್ಗಿ ಕೂತವ್ರೆ. ನೀವೂ..."

"ನಾನು ನೆತ್ತಿಗೆ ಕೈ ಕೊಟ್ಟು ತಿರುಗಿ ನಿಂತಿದ್ದೆ, ಗೊತ್ತು," ಎಂದರು ನೀಲಕಂಠಸ್ವಾಮಿ. ಅವರ ತಲೆಯಲ್ಲಿ ಆಗಲೂ ಕೂದಲಿರಲಿಲ್ಲ. "ಮುಂದಕ್ಕೆ ಹೇಳು."

"ಆಗ ಬಾಲು ಬಂತು. ಉಳ್ಳಾಡ್ಕಂಡು, ಆಲಿಕಲ್ಲಿನ ಮ್ಯಾಲೆ ಎಡವ್ತಾ ಎಡವ್ತಾ ಬಂತು. ಇವ್ರು ನೋಡುದ್ರು. ಕಾಲು ಚಾಚುದ್ರು, ನಿಲುಕ್ನಿಲ್ಲ. ಕಂಬ ಬುಟ್ಟು ಎರಡೆಜ್ಜೆ ಇಟ್ಟಿದ್ರೆ ಸಿಕ್ಬುಡ್ತಿತ್ತು. ಬುಡ್ನಿಲ್ಲ ಸಾರ್. ಬಾಲು ಒಳಕ್ಕೋಯ್ತು. ಆಮೇಲೂ ಇಡ್ಕಂಡೇ ನಿಮ್ ಕಡೆ ತಿರುಗಿ ಸೀಟಿ ಕಾಯ್ತಾ ನಿಂತ್ರು. ಸೀಟಿ ಬರ್ನಿಲ್ಲ. ಹಿಂದೆಲೇ ದೊಡ್ಡ ಗಾಳಿ ಬಂತು, ಕಂಬ ಇವರನ್ನೂ ಎಳ್ಕಂಡು ಬಿತ್ತು."

ಕೆಳಗೆ ಅಡುಗೆಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದ ಸದ್ದು ಮೇಲಕ್ಕೆ ಬರುತ್ತಿತ್ತು.

"ಪಾಸಂಗ್," ಎಂದರು ನೀಲಕಂಠಸ್ವಾಮಿ, "ಇದು ನಿಜವಾ?"

ಪಾಸಂಗ್ ಎದ್ದು ನಿಂತ. ಶಾಲೆಯಲ್ಲಿ ಹೆಸರು ಕೂಗಿಸಿಕೊಂಡವನ ಹಾಗೆ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ. "ಹೌದು ಸಾರ್."

"ಯಾಕಪ್ಪಾ ಹಿಡಿದುಕೊಂಡೆ?"

ಇಂಥ ಪ್ರಶ್ನೆಯೂ ಇರುತ್ತದೆಯೇ ಎಂಬಂತೆ ಪಾಸಂಗ್ ಸುತ್ತ ನೋಡಿದ. "ಕಂಬ ಬಿದ್ರೆ ಮ್ಯಾಚು ನಿಂತೋಗ್ತಿತ್ತು ಸಾರ್. ಇನ್ನೂ ಎಂಟು ನಿಮಿಷ ಇತ್ತು. ಎಷ್ಟು ಚೆನ್ನಾಗಿ ನಡೀತಿತ್ತು."

ನೀಲಕಂಠಸ್ವಾಮಿ ಚೀಲದಿಂದ ನಿಯಮಗಳ ಪುಸ್ತಕ ತೆಗೆದರು. ಕನ್ನಡಕ ಏರಿಸಿ ಹಾಳೆ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು. ಕೊನೆಗೆ ಪುಸ್ತಕ ಮುಚ್ಚಿದರು. "ಗೋಲಿ ಕಂಬ ಹಿಡೀಬಾರದು ಅಂತ ಇದರಲ್ಲಿ ಎಲ್ಲೂ ಇಲ್ಲ. ಹಿಡೀಬೇಕು ಅಂತಾನೂ ಇಲ್ಲ. ಇಂಥ ಮನುಷ್ಯ ಇರ್ತಾನೆ ಅಂತ ಬರೆದವರಿಗೆ ಗೊತ್ತಿರಲಿಲ್ಲ. ಕಂಬ ನಿಂತಿತ್ತು, ಚೆಂಡು ಹೋಯ್ತು. ಗೋಲು."

ನಂಜಣ್ಣ ಈ ಸಲ ಚಪ್ಪಾಳೆ ತಟ್ಟಲಿಲ್ಲ. ಕ್ಯಾಂಪಿನ ಹಿರಿಯರು ಪಾಸಂಗ್‌ನ ಕಡೆ ತಿರುಗಿ ಅವರ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿದರು. ಅವನು ತಲೆ ತಗ್ಗಿಸಿಕೊಂಡು ಕೇಳಿದ. ಬೈಗುಳವಾಗಿರಲಿಲ್ಲ ಎಂಬುದು ಭಾಷೆ ಬಾರದವರಿಗೂ ಗೊತ್ತಾಯಿತು.

ನಟರಾಜು ಎದ್ದು ಬಂದು ಪಾಸಂಗ್‌ನ ಎದುರು ನಿಂತ. ಚಲುವರಾಜು ಅರ್ಧ ಎದ್ದ. ಭಾವನ ಮುಖ ಕೆಂಪಾಗಿತ್ತು, ಕಿವಿ ಇನ್ನೂ ಕೆಂಪಾಗಿತ್ತು.

"ನಾನು ಕಣ್ಣು ಮುಚ್ಕಂಡು ಒದ್ದಿದ್ದು," ಎಂದ ನಟರಾಜು. ಹಾಗಂತ ಅವನು ಯಾವ ವೇದಿಕೆಯ ಮೇಲೂ ಹೇಳಿರಲಿಲ್ಲ. "ಮೊಕಕ್ಕೆ ಕಲ್ಲು ಬಡೀತಿತ್ತು. ಏನೂ ಕಾಣ್ನಿಲ್ಲ. ನಿಜ ಏಳು. ಕಂಬ ಬುಟ್ಟಿದ್ರೆ ನನ್ ಬಾಲು ಇಡೀತಿದ್ದಾ?"

ಪಾಸಂಗ್‌ನಿಗೆ ಸಂಕೋಚವಾಯಿತು. ಆದರೆ ಆಟದ ವಿಷಯದಲ್ಲಿ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

"ಹಿಡೀತಿದ್ದೆ ಅಣ್ಣ. ಬಹಳ ಮೆತ್ತಗೆ ಬಂತು."

ನಟರಾಜು ತಲೆಯಾಡಿಸಿದ. ಪಾಸಂಗ್‌ನ ಹೆಗಲನ್ನು, ಕಂಬಕ್ಕೆ ಕೊಟ್ಟಿದ್ದ ಹೆಗಲು ಯಾವುದೆಂದು ಗೊತ್ತಿಲ್ಲದ್ದರಿಂದ ಎರಡನ್ನೂ, ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟ. ಆಮೇಲೆ ಚಲುವರಾಜುವನ್ನು ದಾಟಿಕೊಂಡು, ಅವನ ಕಡೆ ತಿರುಗದೆ, ಮೆಟ್ಟಿಲಿಳಿದು ಹೋದ. ಇಬ್ಬರೂ ಹುಣಸೂರಿಗೆ ವಾಪಸಾದದ್ದು ಒಂದೇ ಬಸ್ಸಿನಲ್ಲಿ. ಒಬ್ಬ ಮುಂದಿನ ಬಾಗಿಲ ಹತ್ತಿರ, ಇನ್ನೊಬ್ಬ ಹಿಂದಿನ ಸೀಟಿನಲ್ಲಿ.

ಕಪ್ಪಿನ ಮೇಲೆ 1998ರ ಎದುರಿಗೆ ಕಟ್ಟೆಮಳಲವಾಡಿ ಎಂದು ಕೆತ್ತಿಸಿದರು. ಡಿಸೆಂಬರಿನಲ್ಲಿ ಪಂದ್ಯಾವಳಿ ಮತ್ತೆ ಶುರುವಾಯಿತು. ಉದ್ಘಾಟನೆಯ ಚೆಂಡನ್ನು ನಟರಾಜು ಒದ್ದ, ಪಾಸಂಗ್ ಹಿಡಿದ. ನಟರಾಜು ಚಲುವರಾಜುವಿನ ಜೊತೆ ಮಾತಾಡಿದ್ದು ಸಂಕ್ರಾಂತಿ ಕಳೆದ ಮೇಲೆ.