ತಪ್ಪು ಒತ್ತುವ ಬೆರಳು

ಹೆದರಿಕೆ ಕಣ್ಣಿನ ವ್ಯವಹಾರ ಎಂದು ಕ್ಯಾಮೆರಾದವರು ತಿಳಿದಿದ್ದಾರೆ. ತಿಳಿದುಕೊಳ್ಳಲಿ ಬಿಡಿ. ಇಂಚನ್ ಎಂಬ ಬಂದರಿನ ಊರಲ್ಲಿ ಸಿನಿಮಾಗಳಿಗೆ ಸದ್ದು ಹಿಡಿಯುತ್ತಲೇ ತಲೆ ನರೆತವನು ನಾನು. ನನ್ನನ್ನು ಕೇಳಿದರೆ ಹೆದರಿಕೆ ಹುಟ್ಟುವುದು ಕಿವಿಯಲ್ಲಿ. ಕೋಣೆಯಲ್ಲಿ ಫ್ರಿಜ್ ಗುಂಯ್‌ಗುಡುತ್ತಿರುತ್ತದೆ. ಅದು ಕೇಳಿಸುತ್ತಿದೆಯೆಂಬುದೇ ನೋಡುವವನಿಗೆ ಗೊತ್ತಿರುವುದಿಲ್ಲ. ಅದನ್ನು ತಟ್ಟನೆ ನಿಲ್ಲಿಸಿ ನೋಡಿ. ಏನು ನಿಂತಿತೆಂದು ತಿಳಿಯದಿದ್ದರೂ ಅವನ ಮೈ ಜುಮ್ಮೆನ್ನುತ್ತದೆ. ಹತ್ತು ನಿಮಿಷದ ಚಿತ್ರದಲ್ಲಿ ದೆವ್ವವನ್ನು ಕರೆತಂದು ಕೂರಿಸಿ ಪರಿಚಯ ಮಾಡಿಸಲು ಪುರುಸೊತ್ತೆಲ್ಲಿದೆ? ಬರುತ್ತದೆ, ಇನ್ನೇನು ಬಂದೇಬಿಟ್ಟಿತು ಎಂದು ಕಾಯಿಸಬೇಕು. ಬಂದುಬಿಟ್ಟರೆ ಕೆಲಸ ಕೆಟ್ಟಿತು.

ಹೇವನ್‌ಗೆ ಇದನ್ನೆಲ್ಲ ಹೇಳಿಕೊಟ್ಟವನು ನಾನೇ. ಅವಳು ನನ್ನ ಗೆಳೆಯನ ಮಗಳು. ಗೆಳೆಯ ತೀರಿಕೊಂಡು ಎಷ್ಟೋ ವರ್ಷವಾಯಿತು, ಆದರೂ ಅವಳ ಬಾಯಲ್ಲಿ ನಾನು ಚಿಕ್ಕಪ್ಪನೇ, ಅವಳ ತಾಯಿ ಮಾಲ್ಸುನ್ ನನಗೆ ಅತ್ತಿಗೆಯೇ. ಈ ವಸಂತದಲ್ಲಿ ಹುಡುಗಿ ನನ್ನ ಸ್ಟುಡಿಯೋಗೆ ಬಂದು, ಒಂದು ಪುಟ್ಟ ದೆವ್ವದ ಚಿತ್ರ ಮಾಡುತ್ತೇನೆ, ನಮ್ಮ ಮನೆಯಲ್ಲೇ, ಅಮ್ಮನೇ ನಟಿ ಎಂದಳು.

"ಅತ್ತಿಗೆ ಮೀನಂಗಡಿಯವಳ ಹತ್ರ ಜಗಳ ಮಾಡೋದು ಬಿಟ್ಟು ಬೇರೆ ಏನು ನಟಿಸ್ತಾಳೆ?" ಎಂದು ನಾನು ನಕ್ಕೆ.

ಅವಳು ನಗಲಿಲ್ಲ. "ಮನೆ ಕೆಡವ್ತಾರಲ್ಲ ಚಿಕ್ಕಪ್ಪಾ. ಅಷ್ಟರೊಳಗೆ ಮುಗಿಸ್ಬೇಕು."

ಅದು ನನಗೂ ಗೊತ್ತಿತ್ತು. ಆ ಹಳೆಯ ಕಟ್ಟಡವನ್ನು ಕೆಡವಿ ಎತ್ತರದ್ದು ಕಟ್ಟುತ್ತಾರೆ. ಎಲ್ಲರೂ ಬಿಟ್ಟುಹೋಗಿ, ಬಾಗಿಲು ಬಾಗಿಲಿಗೂ ಕೆಂಪು ಬಣ್ಣದಲ್ಲಿ 'ಖಾಲಿ' ಎಂದು ಗೀಚಿದ್ದರು. ಮೂರನೆಯ ಮಹಡಿಯ ಒಂದು ಬಾಗಿಲ ಮೇಲೆ ಮಾತ್ರ ಹಾಗೆ ಗೀಚಿರಲಿಲ್ಲ. ಅದು ಅತ್ತಿಗೆಯದು. ತಿಂಗಳ ಕೊನೆಗೆ ನೀರು, ಗ್ಯಾಸು ಎಲ್ಲ ಕಡಿಯುತ್ತೇವೆ ಎಂದು ಹೇಳಿಹೋಗಿದ್ದರು. ಅತ್ತಿಗೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕಾರಣ ಮಗ ಇಕ್ಸು, ಹೇವನ್‌ಳ ತಮ್ಮ. ಹಿಂದಿನ ವರ್ಷದ ಚಳಿಗಾಲದಲ್ಲಿ ಅವನು ಕೆಲಸಕ್ಕಿದ್ದ ಮೀನು ಹಿಡಿಯುವ ಹಡಗು ದೂರದ ಕಡಲಲ್ಲಿ ಮುಳುಗಿತು. ಕೆಲವರ ದೇಹ ಸಿಕ್ಕಿತು, ಅವನದು ಸಿಗಲಿಲ್ಲ. ಸಿಗದವನಿಗೆ ಕ್ರಿಯೆ ಮಾಡಲು ಅತ್ತಿಗೆ ಒಪ್ಪಲಿಲ್ಲ. ಬಾಗಿಲಿಗಿರುವುದು ಅಂಕಿ ಒತ್ತಿ ತೆಗೆಯುವ ಬೀಗ, ಆ ಅಂಕಿಗಳು ಅವನಿಗೆ ಗೊತ್ತು, ಬಂದು ಒತ್ತುತ್ತಾನೆ, ನಾನು ಇನ್ನೆಲ್ಲೋ ಇದ್ದರೆ ಅವನು ಯಾವ ಬಾಗಿಲು ಒತ್ತಬೇಕು ಎನ್ನುವುದೇ ಅವಳ ವಾದ.

ಚಿತ್ರದ ಕತೆ ಇಷ್ಟೇ ಇತ್ತು. ಒಂಟಿ ಹೆಂಗಸು ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ. ಹೊರಗೆ ಯಾರೋ ಬೀಗದ ಅಂಕಿ ಒತ್ತುತ್ತಾರೆ. ತಪ್ಪಾಗುತ್ತದೆ. ಮತ್ತೆ ಒತ್ತುತ್ತಾರೆ. ಇಂಥ ಬೀಗವಿರುವ ಮನೆಯಲ್ಲಿ ಬಾಳಿದ ಯಾರನ್ನಾದರೂ ಕೇಳಿ, ಒಬ್ಬರೇ ಇದ್ದಾಗ ಆ ಸದ್ದು ಬಂದರೆ ಎದೆ ಝಲ್ಲೆನ್ನುತ್ತದೆ.

ಚಿತ್ರೀಕರಣ ಹಾಡಹಗಲಲ್ಲೇ ನಡೆಯಿತು. ಕಿಟಕಿಗಳಿಗೆ ಕರಿಬಟ್ಟೆ ಹೊಡೆದು ಕತ್ತಲು ಮಾಡಿದೆವು. ಕ್ಯಾಮೆರಾದ ಹೋಚಾಂಗ್ ಜಾಗ ಹುಡುಕುತ್ತ ಅಡಿಯಿಂದ ಕಾಯಿಸುವ ಬೆಚ್ಚಗಿನ ನೆಲದ ಮೇಲೆ ಹಾಸಿದ್ದ ರಜಾಯಿಯ ಮೇಲೆ ಇನ್ನೇನು ಕೂರಬೇಕು, ಅತ್ತಿಗೆ ಗುಡುಗಿದಳು.

"ಏಯ್! ಎಲ್ಲಿ ಕೂರ್ತೀಯಾ? ಕುಂಡಿ ಸುಟ್ಟುಕೊಳ್ತೀಯ!"

ಅವನು ರಜಾಯಿ ಎತ್ತಿ ನೋಡಿದ. ಮುಚ್ಚಳ ಹಾಕಿದ ಸ್ಟೀಲಿನ ಬಟ್ಟಲಿತ್ತು. "ಇದೇನಮ್ಮಾ, ಮೊಟ್ಟೆ ಕಾವಿಗೆ ಇಟ್ಟಿದೀರಾ?" ಎಂದ ಆ ಮಂಕ.

"ನನ್ನ ಮಗನ ಅನ್ನ," ಎಂದಳು ಅತ್ತಿಗೆ.

ಹೋಚಾಂಗ್ ರಜಾಯಿಯನ್ನು ಮೆಲ್ಲಗೆ ಮೊದಲಿನಂತೆಯೇ ಹೊದಿಸಿದ. ಮನೆಯವರು ದೂರ ಹೋಗಿದ್ದರೆ ಅವರ ಪಾಲಿನ ಅನ್ನವನ್ನು ಹೀಗೆ ಬೆಚ್ಚಗಿಡುವುದು ನಮ್ಮ ಅಜ್ಜಿಯರ ರೂಢಿ. ಈಗ ಯಾರೂ ಇಡುವುದಿಲ್ಲ. ಅತ್ತಿಗೆ ದಿನಾ ಬಿಸಿ ಅನ್ನ ಇಡುತ್ತಾಳೆ, ನಿನ್ನೆಯದಕ್ಕೆ ನೀರು ಸುರಿದು ತಾನು ಉಣ್ಣುತ್ತಾಳೆ. ನಾನು ತಂತಿಗಳನ್ನು ಬಿಡಿಸುತ್ತ ಕೂತೆ.

ಹೇವನ್ ತಾಯಿಗೆ ತೋರಿಸಿಕೊಟ್ಟಳು: "ಕ್ಯಾಮೆರಾ ನಿನ್ನ ಬೆನ್ನ ಹಿಂದೆ ಇರುತ್ತೆ ಅಮ್ಮಾ. ಬಾಗಿಲು ತೋರಿಸೋದೇ ಇಲ್ಲ. ಸದ್ದು ಬಂದಾಗ ನಿನ್ನ ಕೈ ನಿಲ್ಲಬೇಕು, ಅಷ್ಟೆ. ಮೆಲ್ಲಗೆ ಗೋಡೆ ಕಡೆ ಸರಿ. ಉಳಿದಿದ್ದು ನೋಡೋರೇ ಊಹಿಸ್ಕೊಳ್ತಾರೆ."

ತಾಲೀಮಿನಲ್ಲಿ ನಾನು ಚಮಚದಿಂದ ಟಕ್ ಟಕ್ ಎಂದು ಬಡಿದೆ. ಅತ್ತಿಗೆಯ ಕೈ ನಿಂತಿತು, ಕತ್ತು ಬಿಗಿಯಿತು, ಹೇಳಿಕೊಟ್ಟಂತೆಯೇ ಸರಿದಳು.

"ಅಬ್ಬಬ್ಬಾ ಅತ್ತಿಗೆ! ಇಷ್ಟು ದಿನ ಎಲ್ಲಿ ಬಚ್ಚಿಟ್ಟುಕೊಂಡಿದ್ರಿ ಇದನ್ನ?"

"ಬಾಯ್ಮುಚ್ಕೊಂಡು ನಿನ್ನ ಚಮಚ ಬಡಿ, ಪಿಲ್‌ಡೊ."

ಸಾಮಾನ್ಯವಾಗಿ ಇಷ್ಟೇ ಸಾಕು. ನಿಜವಾದ ಸದ್ದನ್ನು ಆಮೇಲೆ ಕೂರಿಸುತ್ತೇವೆ. ಆದರೆ ಹೇವನ್ ನನ್ನನ್ನು ಹೊರಗೆ ಕರೆದು ಪಿಸುಗುಟ್ಟಿದಳು. ಬೆಳಿಗ್ಗೆ ತಾನು ಕೊಟ್ಟಿದ್ದ ಬೀಗದ ಸದ್ದನ್ನೇ ಬಾಗಿಲ ಹೊರಗೆ ಸ್ಪೀಕರಿನಲ್ಲಿ ಹಾಕಬೇಕು, ಅಮ್ಮನಿಗೆ ಮೊದಲೇ ಹೇಳಬಾರದು, ಅವಳು ನಿಜವಾಗಿ ಬೆಚ್ಚಬೇಕು ಎಂದಳು. ನಿರ್ದೇಶಕರ ಹಳೆಯ ಚಾಳಿ. ನನಗೇನೂ ಅನುಮಾನ ಬರಲಿಲ್ಲ.

ಆ ಸದ್ದು ಅವಳ ಫೋನಿನ ಯಾವುದೋ ವೀಡಿಯೋದ್ದು. ಸುತ್ತಲಿನ ಗಲಾಟೆಯನ್ನೆಲ್ಲ ನಾನೇ ಒರೆಸಿ ಶುದ್ಧ ಮಾಡಿದ್ದೆ. ಮೊದಲು ಅಂಕಿಗಳು ಸರಸರ ಬರುತ್ತವೆ. ತಪ್ಪಾಯಿತೆಂದು ಬೀಗ ಕಿರುಚುತ್ತದೆ. ಯಾರೋ ಮೂಗಿನಲ್ಲಿ ನಕ್ಕಂತಾಗುತ್ತದೆ. ಮತ್ತೆ ಒತ್ತುತ್ತಾರೆ, ಕೊನೆಯ ಅಂಕಿಗೆ ಮುಂಚೆ ಬೆರಳು ತಡೆಯುತ್ತದೆ. ಆ ತಡೆಯಿದೆಯಲ್ಲ, ಅಷ್ಟು ಒಳ್ಳೆಯದನ್ನು ನಾನು ಬೇಕೆಂದು ಮಾಡಿದರೂ ಬರುತ್ತಿರಲಿಲ್ಲ. ಆಮೇಲೆ ಬಾಗಿಲು ತೆರೆಯುವ ಸದ್ದಿತ್ತು, ಅದನ್ನು ಕತ್ತರಿಸಿ ಎಸೆದಿದ್ದೆ. ತೆರೆಯದ ಬಾಗಿಲೇ ಅಲ್ಲವೇ ಹೆದರಿಸುವುದು!

ಹೊರಗಿನ ಮೆಟ್ಟಿಲ ಬಳಿ ಸ್ಪೀಕರಿಟ್ಟು ಹೆಡ್‌ಫೋನ್ ಹಾಕಿ ಕುಕ್ಕರಗಾಲಲ್ಲಿ ಕೂತೆ. ಒಳಗೆ ಬೆಳ್ಳುಳ್ಳಿಯ ಸಿಪ್ಪೆ ಚರಚರ ಎನ್ನುತ್ತಿತ್ತು. ಫ್ರಿಜ್ ನಿಂತಿತು. ನಾನು ಗುಂಡಿ ಒತ್ತಿದೆ.

ಸಿಪ್ಪೆ ಬಿಡಿಸುತ್ತಿದ್ದ ಚಾಕು ನಿಂತಿತು. ಒಳಗಿನ ಉಸಿರು ನನ್ನ ಕಿವಿಯಲ್ಲೇ ಇತ್ತು. ಅದು ಹೆದರಿದವರ ಉಸಿರಲ್ಲ, ಅಷ್ಟು ಮಾತ್ರ ನನಗೆ ಗೊತ್ತಾಯಿತು. ರಜಾಯಿ ಸರಕ್ಕೆಂದಿತು. ಹೆಜ್ಜೆಗಳು ಗೋಡೆಯ ಕಡೆಗಲ್ಲ, ಬಾಗಿಲ ಕಡೆಗೇ ಓಡಿಬಂದವು.

"ಅಮ್ಮಾ, ಅಲ್ಲೇ ಇರು!" ಎಂದು ಹೇವನ್ ಕೂಗಿದಳು.

"ಬಂದೆ, ಬಂದೆ! ಮತ್ತೆ ತಪ್ಪು ಒತ್ತಿದ್ಯಾ? ಕೈತುಂಬ ಚೀಲ ಹಿಡ್ಕೊಂಡು ಒತ್ಬೇಡ ಅಂತ ಎಷ್ಟು ಸಲ ಹೇಳ್ಲಿ ಇಕ್ಸು? ಇರು ಮಗನೇ, ನಾನೇ ತೆಗೀತೀನಿ!"

ನಾನು ಹೆಡ್‌ಫೋನ್ ಕಿತ್ತೆ. ಬಾಗಿಲು ತೆರೆಯಿತು. ಅತ್ತಿಗೆ ಬಟ್ಟಲನ್ನು ಎದೆಗವುಚಿಕೊಂಡು ನಿಂತಿದ್ದಳು. ಮುಖದ ತುಂಬ ನಗು. ನನ್ನ ತಲೆಯ ಮೇಲಿಂದ ಆಚೆ ನೋಡಿದಳು, ಮೆಟ್ಟಿಲು ಬಗ್ಗಿ ನೋಡಿದಳು, ಕೆಂಪು ಗೀಚಿದ ಬಾಗಿಲುಗಳನ್ನು ನೋಡಿದಳು. ಕಡೆಗೆ ಸ್ಪೀಕರ್ ನೋಡಿದಳು. ಅಯ್ಯೋ, ಆ ನಗು ಇಳಿದುಹೋದದ್ದನ್ನು ನಾನು ನೋಡಬಾರದಿತ್ತು.

ಹೇವನ್ ಮೇಲೆ ನನ್ನ ಸಿಟ್ಟು ನೆತ್ತಿಗೇರಿತು. "ನಿನಗೆ ತಲೆ ಕೆಟ್ಟಿದೆಯೇನೇ? ಸ್ವಂತ ತಮ್ಮನ ಸದ್ದು! ಅದೂ ಹೆತ್ತವಳಿಗೆ!"

ಹೇವನ್ ಹೊಸ್ತಿಲಲ್ಲಿ ಕುಸಿದು ಅಳತೊಡಗಿದಳು. "ಹೆದರ್ತಾಳೆ ಅಂದ್ಕೊಂಡೆ ಚಿಕ್ಕಪ್ಪಾ. ಸತ್ತವನು ಬಾಗಿಲಿಗೆ ಬಂದ್ರೆ ಯಾರಾದ್ರೂ ಹೆದರ್ತಾರಲ್ವಾ? ಹೆದರಿದ್ರೆ ಈ ಮನೆ ಬಿಡ್ತಾಳೆ ಅಂದ್ಕೊಂಡೆ. ಇನ್ನೇನು ಮಾಡ್ಲಿ? ಕೆಡವೋ ಯಂತ್ರ ತರ್ತಾರೆ, ಇವಳು ಒಳಗೇ ಕೂತಿರ್ತಾಳೆ!"

"ಅವಳಿಗೆ ಬೈಬೇಡ," ಎಂದಳು ಅತ್ತಿಗೆ. ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಳು. "ಹುಚ್ಚಿ. ನನ್ನ ಮಗನಿಗೆ ನಾನು ಹೆದರ್ತೀನಾ? ಪಿಲ್‌ಡೊ, ಇನ್ನೊಂದ್ಸಲ ಹಾಕು."

ಹಾಕಿದೆ. ಬೀಗ ಕಿರುಚಿದ ಮೇಲೆ ಬಂದ ಆ ಮೂಗಿನ ನಗುವಿಗೆ ಅತ್ತಿಗೆಯೂ ನಕ್ಕಳು. "ನನ್ನ ಹುಟ್ಟುಹಬ್ಬ ಅವತ್ತು. ಒಂದು ಕೈಲಿ ಕೇಕು, ಒಂದು ಕೈಲಿ ಸೊಪ್ಪು. ಯಾವ ಬೆರಳಲ್ಲಿ ಒತ್ತಿದ್ನೋ ಏನೋ." ಮತ್ತೆ ಹಾಕಿಸಿದಳು. ಈ ಸಲ ಸದ್ದು ಮುಗಿದ ಮೇಲೂ ಕಿವಿಗೊಟ್ಟು ಕಾಯುತ್ತಲೇ ಇದ್ದಳು.

"ಬಾಗಿಲು ತೆಗೆದ ಸದ್ದೆಲ್ಲಿ?"

"ಅದನ್ನ... ಕತ್ತರಿಸಿಬಿಟ್ಟೆ ಅತ್ತಿಗೆ. ಸಿನಿಮಾಕ್ಕೆ ಅದು ಬೇಡ ಅಂತ."

ಕೆಳಗೆ ಯಾವುದೋ ಖಾಲಿ ಮನೆಯ ಕಿಟಕಿ ಗಾಳಿಗೆ ಬಡಿದುಕೊಳ್ಳುತ್ತಿತ್ತು.

"ಹಾಗಾದ್ರೆ ಎಷ್ಟು ಸಲ ಹಾಕಿದ್ರೂ ಅವನು ಒಳಗೆ ಬರೋದೇ ಇಲ್ಲ," ಎಂದಳು.

ಅತ್ತಿಗೆ ಬಟ್ಟಲ ಮುಚ್ಚಳ ತೆಗೆದಳು. ಹಬೆ ಎದ್ದಿತು. ಏಪ್ರನ್ನಿನ ಜೇಬಿನಿಂದ ಚಮಚ ತೆಗೆದು ಅನ್ನಕ್ಕೆ ಚುಚ್ಚಿ ನನ್ನ ಕೈಗಿಟ್ಟಳು.

"ತಿನ್ನು. ಅವರೆಕಾಳು ಹಾಕಿಲ್ಲ, ಅವನಿಗೆ ಸೇರ್ತಿರಲಿಲ್ಲ."

"ಅತ್ತಿಗೆ, ಇದು ಇಕ್ಸುದು. ನನ್ನ ಕೈಲಾಗಲ್ಲ."

"ಬಾಗಿಲಿಗೆ ಬಂದವನು ನೀನಲ್ವಾ? ತಣ್ಣಗಾಗುತ್ತೆ, ತಿನ್ನು."

ತಿಂದೆ. ಬರಿಯ ಅನ್ನ, ಜೊತೆಗೆ ನನ್ನದೇ ಕಣ್ಣೀರು. ಒಂದೊಂದು ತುತ್ತಿಗೂ ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು, ನಡುವೆ ಒಮ್ಮೆ "ಮೆಲ್ಲಗೆ ತಿನ್ನು" ಎಂದಳು. ಹೋಚಾಂಗ್ ಒಳಗೆ ಕ್ಯಾಮೆರಾ ನಿಲ್ಲಿಸುವುದನ್ನೇ ಮರೆತಿದ್ದ, ಅದು ಖಾಲಿ ಕೋಣೆಯನ್ನೂ ಅರ್ಧ ಸುಲಿದ ಬೆಳ್ಳುಳ್ಳಿಯನ್ನೂ ಹಿಡಿಯುತ್ತಲೇ ಇತ್ತು.

ಮುಗಿದ ಮೇಲೆ ಅತ್ತಿಗೆ ಬಟ್ಟಲನ್ನು ಇಸಿದುಕೊಂಡು ತಳ ನೋಡಿದಳು. ಒಂದು ಅಗುಳೂ ಉಳಿದಿರಲಿಲ್ಲ. ಏಪ್ರನ್ನಿನ ತುದಿಯಿಂದ ಅದನ್ನು ಒರೆಸಿ ಮುಚ್ಚಳ ಹಾಕಿ ಮಗಳ ಕಡೆ ತಿರುಗಿದಳು.

"ಅವನ ಊಟ ಆಯ್ತು ಕಣೇ," ಎಂದಳು. "ಸಾಮಾನು ಸಾಗಿಸೋ ಗಾಡಿಯವನಿಗೆ ಫೋನ್ ಮಾಡು."