ಬಯ್ಯಪ್ಪನ ಹುಳದ ಕೈ

ಶಿಡ್ಲಘಟ್ಟದ ಕಡೆ ರೇಷ್ಮೆಹುಳಕ್ಕೆ ಹೊಗೆಸೊಪ್ಪೇ ಯಮ. ಅದನ್ನು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಎಲೆ ಹಾಕಿದರೂ ಸಾಕು, ಹುಳ ಕಕ್ಕಿ ಸಾಯುತ್ತದೆ. ಬಯ್ಯಪ್ಪನಿಗೋ ಹೊಗೆಸೊಪ್ಪಿನ ಕಡ್ಡಿಪುಡಿ ಬಾಯಲ್ಲಿಲ್ಲದೆ ಹೊತ್ತು ಹೋಗದು. ಹಾಗಾಗಿ ಇಪ್ಪತ್ತು ವರ್ಷದಿಂದ ತನಗೆ ತಾನೇ ಒಂದು ಕಟ್ಟಳೆ ಮಾಡಿಕೊಂಡಿದ್ದ. ಎಡಗೈ ಕಡ್ಡಿಪುಡಿಗೆ, ಬಲಗೈ ಹುಳಕ್ಕೆ. ಹೆಂಡತಿ ಓಬಳಮ್ಮನಿಗೆ ಮಾತ್ರ ಬಿಟ್ಟೇಬಿಟ್ಟೆ ಎಂದು ಆಣೆ ಮಾಡಿದ್ದ, ಮಹಾನುಭಾವ.

ಆ ಬಲಗೈಯ ಹೆಬ್ಬೆರಳೇ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಓಬಳಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ, ಕವರಿಗೆ ಹಾಕಿ, ಐಸಿನ ಮೇಲಿಟ್ಟು, ಗಂಡನನ್ನೂ ಬೆರಳನ್ನೂ ಬೆಂಗಳೂರಿನ ಆಸ್ಪತ್ರೆಗೆ ಮುಟ್ಟಿಸಿದಳು. ಡಾಕ್ಟರ್ ಸಿದ್ಧಾರ್ಥ್ ಕೂದಲಿಗಿಂತ ಸಣ್ಣ ದಾರದಲ್ಲಿ ರಕ್ತನಾಳ ಹೊಲಿದು ಬೆರಳು ಕೂರಿಸಿದರು.

“ಹೊಲಿಗೆ ಹತ್ರ ರಕ್ತ ಹೆಪ್ಪುಗಟ್ಟಿದ್ರೆ ಬೆರಳು ಉಳಿಯಲ್ಲ. ಬೀಡಿ, ಹೊಗೆಸೊಪ್ಪು ಏನೂ ಕೂಡದು.”

“ಈ ಕೈಗೆ ಸೋಕ್ಸಲ್ಲ ಸಾರ್” ಎಂದ ಬಯ್ಯಪ್ಪ. ಅವನ ಮಟ್ಟಿಗೆ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮೂರನೆಯ ದಿನ ನೋಡಲು ಬಂದ ಭಾಮೈದ ಆವುಲಪ್ಪನಿಂದ ಬಯ್ಯಪ್ಪ ಪೊಟ್ಟಣ ಇಸಿದುಕೊಂಡ. ಬಲಗೈಯನ್ನು ಮಡಿ ಕೆಡದ ಹಾಗೆ ದೂರ ಚಾಚಿ, ಎಡಗೈಯಿಂದಲೇ ಕಡ್ಡಿಪುಡಿ ತುಟಿಯೊಳಗಿಟ್ಟ. ಮತ್ತೆ ಮತ್ತೆ ಇಟ್ಟ. ಸಂಜೆಗೆ ಹೆಬ್ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು.

ಡಾಕ್ಟರ್ ಓಡಿ ಬಂದರು. “ಏನ್ ಹಾಕ್ಕೊಂಡ್ರಿ? ನಿಜ ಹೇಳಿ, ಅದನ್ನ ನೋಡ್ಕೊಂಡೇ ನಾನು ಮುಂದಿನ ಔಷಧಿ ಕೊಡ್ಬೇಕು.”

ಪಕ್ಕದಲ್ಲೇ ಓಬಳಮ್ಮ. ಸುಮ್ಮನಿದ್ದರೆ ಬೆರಳು ಹೋಗುತ್ತದೆ, ಬಾಯಿಬಿಟ್ಟರೆ ಮಾನ ಹೋಗುತ್ತದೆ. ಬೆರಳಿಲ್ಲದೆ ಹುಳದ ಮನೆಯಲ್ಲಿ ತನಗೇನು ಕೆಲಸ ಎಂದು ನೆನೆದು ಬಯ್ಯಪ್ಪನಿಗೆ ಅಳು ಬಂತು.

“ಕಡ್ಡಿಪುಡಿ ಸಾರ್. ಆದ್ರೆ ಎಡಗೈಲಿ.”

ಡಾಕ್ಟರ್, “ಬಾಯಿಗೆ ಹಾಕಿದ್ದು ರಕ್ತಕ್ಕೆ ಹೋಗುತ್ತೆ ಕಣಪ್ಪ. ರಕ್ತಕ್ಕೆ ಎಡ ಬಲ ಇಲ್ಲ. ನಾಳ ಬಿಗೀತು, ಹೆಪ್ಪುಗಟ್ತು” ಎಂದು ಮತ್ತೆ ಆಪರೇಷನ್‌ಗೆ ಕರೆದೊಯ್ದರು. ಓಬಳಮ್ಮ ಪೊಟ್ಟಣ ಕಿತ್ತು ಸೆರಗಿಗೆ ಗಂಟು ಹಾಕಿಕೊಂಡಳು. ಬಯ್ಯಪ್ಪನಿಗೆ ಡಾಕ್ಟರ ಕತ್ತರಿಗಿಂತ ಆ ಗಂಟೇ ಹೆಚ್ಚು ಭಯ ಹುಟ್ಟಿಸಿತು.

ಮರುದಿನ ಕಣ್ಣುಬಿಟ್ಟಾಗ ಹೆಬ್ಬೆರಳು ಕೆಂಪಗೆ, ಬೆಚ್ಚಗೆ ಇತ್ತು. ಎಡಗೈ ಮಾತ್ರ ಅಲ್ಲಾಡಲಿಲ್ಲ. ನೋಡಿದರೆ ಹಳೆ ಸೀರೆಯ ತುಂಡಿನಲ್ಲಿ ಮಂಚದ ಸರಳಿಗೆ ಬಿಗಿದಿತ್ತು.

“ಈ ಕೈಗೇನಾಯ್ತೇ?”

“ಏನೂ ಆಗಿಲ್ಲ. ಬಾಯಿ ತೆಗೀರಿ.”

ಓಬಳಮ್ಮ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಹಿಡಿದಿದ್ದಳು. ಬಯ್ಯಪ್ಪ ತೆಪ್ಪಗೆ ಬಾಯಿ ತೆರೆದ.